ಕೈ ತೋರಿಸಿ ತಿರುಗುವ ತಂಡ

ಊರಿನಲ್ಲಿ ಅವರನ್ನು ಎಲ್ಲರೂ ಬ್ರೇಕ್ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಅವರ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಡಿ ಇದ್ದ ಹಾಗೆಯೇ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಆ ಪಕ್ಕದ ಸೀಟಿನಲ್ಲಿ ಇಪ್ಪತ್ತಾರು ವರ್ಷ ಕೂತು ಅವರ ಬಲಗಾಲಿಗೆ ಸ್ವಂತ ಬುದ್ಧಿಯೇ ಬಂದುಬಿಟ್ಟಿತ್ತು. ಟಿ.ವಿ. ಮುಂದೆ ಕೂತಿರಲಿ, ಬ್ಯಾಂಕಿನ ಸಾಲಿನಲ್ಲಿ ನಿಂತಿರಲಿ, ಯಾರಾದರೂ ಸರಕ್ಕನೆ ಅಡ್ಡ ಬಂದರೆ ಕಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು.

"ಮದುವೆಯಾದ ಹೊಸದರಲ್ಲಿ ನಾನು ಸ್ವಲ್ಪ ಜೋರಾಗಿ ಮಾತಾಡಿದರೂ ಒತ್ತೋರು," ಎಂದು ಅವರ ಹೆಂಡತಿ ನನಗೆ ಹೇಳಿ ನಕ್ಕಿದ್ದರು. "ನಾನೇನು ನಿಂತೆನಾ?"

ಸ್ಕೂಲು ಎಂದರೆ ಒಂದೇ ಕೋಣೆ. ಗೋಡೆಗೆ ರಸ್ತೆ ಚಿಹ್ನೆಗಳ ದೊಡ್ಡ ಹಲಗೆ, ಮೂರು ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಹೆಂಡತಿಯ ಮೇಜು. ಅರ್ಜಿ ತುಂಬುವುದು, ಫೋಟೋ ಅಂಟಿಸುವುದು, ಯಾರು ಯಾವ ದಿನ ಬಂದರು, ಯಾವ ಪಾಠ ಆಯಿತು ಎಂದು ಹಾಜರಿ ಪುಸ್ತಕದಲ್ಲಿ ಬರೆಯುವುದು, ಎಲ್ಲ ಆಕೆಯದೇ ಕೆಲಸ. ಪಾಠ ಮಾತ್ರ ಮಾಸ್ಟರದು. ಕಾರು ಹೊರಡುವ ಮುಂಚೆ ಅವರು ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದರು. ಅದು ಅವರ ಅಭ್ಯಾಸ. ಹೊಸಬರಿಗೆ ಮಾತ್ರ ಅದನ್ನು ಕಂಡು ಎದೆ ಧಸಕ್ಕೆನ್ನುತ್ತಿತ್ತು. "ಮಾಸ್ಟ್ರೇ, ನಾನು ಅಷ್ಟು ಕೆಟ್ಟದಾಗಿ ಓಡಿಸ್ತೀನಾ?" ಎಂದು ಒಬ್ಬ ಹೆಂಗಸು ಅಳುವುದಕ್ಕೇ ಶುರು ಮಾಡಿದ್ದಳಂತೆ.

ಆ ಕೆಲಸದಲ್ಲಿ ಒಂದು ಕೊರಗಿತ್ತು. ಕಲಿಯಲು ಬಂದವರು ಮೂವತ್ತು ದಿನ ಬರುತ್ತಾರೆ, ಲೈಸೆನ್ಸ್ ಸಿಕ್ಕಿದ ಮೇಲೆ ಹೋಗುತ್ತಾರೆ, ತಿರುಗಿ ನೋಡುವುದಿಲ್ಲ. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದವರು ಅವರು. ಅದೇ ಜನ ರಸ್ತೆಯಲ್ಲಿ ಸಿಕ್ಕರೆ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರು. ಇವರಿಗೆ ಮಕ್ಕಳಿರಲಿಲ್ಲ. ಆದ್ದರಿಂದ ಊರಿನ ಕ್ಲಬ್ಬಿನ ಫುಟ್‌ಬಾಲ್ ತಂಡ ಕೈಗೆ ಬಂದಾಗ ಆ ಹನ್ನೊಂದು ಜನ ಪ್ರತಿ ಭಾನುವಾರ ತಪ್ಪದೆ ಬರುತ್ತಾರೆ, ಕಲಿತ ಮೇಲೂ ಬರುತ್ತಾರೆ ಎನ್ನುವುದೇ ಅವರಿಗೆ ದೊಡ್ಡ ಸಂತೋಷವಾಯಿತು.

ತಂಡ ಕೈಗೆ ಬಂದದ್ದೂ ಒಂದು ಕಥೆ. ಹೆಂಡತಿಯ ತಮ್ಮನದು ಕನ್ನಡಕದ ಅಂಗಡಿ. ಅವನೇ ಕ್ಲಬ್ಬಿನ ಕಾರ್ಯದರ್ಶಿ. ಕಮಿಟಿಯ ಸಭೆ ನಡೆಯುತ್ತಿದ್ದುದೂ ಆ ಅಂಗಡಿಯಲ್ಲೇ, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಕೆಳಗೆ. ಆ ವರ್ಷ ತಂಡದವರೇ ಇಬ್ಬರು ಒಂದೇ ಚೆಂಡಿಗೆ ಓಡಿಹೋಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡಿದ್ದರು. ಒಬ್ಬನ ಭುಜ ಜಾರಿತ್ತು, ಬ್ರೆಡ್ ವ್ಯಾನ್ ಓಡಿಸುವ ಇನ್ನೊಬ್ಬನ ಮುಂದಿನ ಹಲ್ಲು ಹೋಗಿತ್ತು. ಕಮಿಟಿಯವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಮಾಸ್ಟರು ಕನ್ನಡಕದ ಕಡ್ಡಿ ಸರಿಮಾಡಿಸಲು ಹೋಗಿದ್ದರು.

"ನಮ್ಮ ಸರ್ಕಲ್ಲಿನಲ್ಲಿ ಒಂದು ಗಂಟೆಗೆ ನಾನೂರು ಗಾಡಿ ಓಡಾಡ್ತವೆ," ಎಂದರು ಅವರು, ಯಾರೂ ಕೇಳದಿದ್ದರೂ. "ಒಂದಕ್ಕೊಂದು ತಾಗಲ್ಲ. ನಿಮ್ಮದು ಹನ್ನೊಂದು ಜನ, ಇಷ್ಟು ದೊಡ್ಡ ಮೈದಾನ. ಡಿಕ್ಕಿ ಹೊಡೀತೀರಿ ಅಂದ್ರೆ ಏನ್ರಪ್ಪಾ ಇದು?"

ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದ ಅಧ್ಯಕ್ಷರು ಆ ಮಾತಿಗೆ ಮರುಳಾದರು. ಮುಂದಿನ ಭಾನುವಾರದಿಂದಲೇ ಬ್ರೇಕ್ ಮಾಸ್ಟರು ತಂಡದ ಮ್ಯಾನೇಜರ್ ಆದರು.

ಅವರು ಕಲಿಸಿದ್ದು ತಮಗೆ ಗೊತ್ತಿದ್ದನ್ನೇ. ಚೆಂಡು ಯಾವ ಕಡೆ ಒಯ್ಯುತ್ತೀಯೋ ಆ ಕಡೆಯ ಕೈ ಮೊದಲು ಚಾಚು. ನಿಲ್ಲುವುದಾದರೆ ಅಂಗೈ ಎತ್ತು. ವೇಗ ತಗ್ಗಿಸುವುದಾದರೆ ಕೈ ಮೇಲೆ ಕೆಳಗೆ ಆಡಿಸು. ತಂಡದಲ್ಲಿ ಮುಕ್ಕಾಲು ಪಾಲು ಅವರ ಹಳೆಯ ವಿದ್ಯಾರ್ಥಿಗಳೇ. ಎಡಬದಿಯಲ್ಲಿ ಆಡುತ್ತಿದ್ದವನು ಶಾಲಾ ಬಸ್ಸಿನ ಚಾಲಕ, ಮಧ್ಯದಲ್ಲಿ ಆಂಬುಲೆನ್ಸ್ ಚಾಲಕ. ಆದ್ದರಿಂದ ಎರಡು ವಾರದಲ್ಲಿ ಎಲ್ಲರಿಗೂ ರೂಢಿಯಾಯಿತು. ಎದುರು ತಂಡದವರು ಇವರು ಕೈ ಚಾಚುವುದನ್ನು ಕಂಡು ಏನೋ ವ್ಯಾಯಾಮ ಎಂದುಕೊಂಡರು. ಡಿಕ್ಕಿ ಪೂರ್ತಿ ನಿಂತಿತು. ಮೊದಲ ವರ್ಷ ಎಂಟು ತಂಡಗಳಲ್ಲಿ ಮೂರನೇ ಸ್ಥಾನ, ಎರಡನೇ ವರ್ಷ ಎರಡನೇ ಸ್ಥಾನ. ಅಧ್ಯಕ್ಷರು ಪ್ರೆಸ್ಸಿನಲ್ಲಿ ಮಾಸ್ಟರ ಫೋಟೋ ಹಾಕಿ ಕ್ಯಾಲೆಂಡರನ್ನೇ ಅಚ್ಚು ಹಾಕಿಸಿಬಿಟ್ಟರು.

ಮೂರನೇ ವರ್ಷ ಐಸ್ ಫ್ಯಾಕ್ಟರಿ ತಂಡದ ಗೋಲ್‌ಕೀಪರ್ ಕಾರು ಕಲಿಯಲು ಬಂದ. ಒಳ್ಳೆಯ ಮನುಷ್ಯ, ಎತ್ತರದ ಆಳು, ತಲೆ ಕಾರಿನ ಚಾವಣಿಗೆ ತಾಗುತ್ತಿತ್ತು. ಏಳನೇ ದಿನ ಕೈ ಸನ್ನೆಯ ಪಾಠ. ಮಾಸ್ಟರು ಬಲಗೈ ಚಾಚಿ ತೋರಿಸಿದರು. ಅವನು ಅವರ ಕೈ ನೋಡಿದ, ಮುಖ ನೋಡಿದ, ಸ್ಟೀರಿಂಗಿನ ಮೇಲೆ ಬಿದ್ದು ನಗತೊಡಗಿದ. ಹಾರ್ನ್ ಒತ್ತಿಕೊಂಡ ಸದ್ದಿಗೆ ಬೀದಿಯವರೆಲ್ಲ ಹೊರಗೆ ಬಂದರು.

"ಏನಾಯ್ತಪ್ಪ?"

"ಏನಿಲ್ಲ ಮಾಸ್ಟ್ರೇ. ತುಂಬ ಚೆನ್ನಾಗಿ ಅರ್ಥ ಆಯ್ತು."

ಎಂಟನೇ ದಿನ ಅವನು ಬರಲಿಲ್ಲ. ಅವನ ಬದಲಿಗೆ ಆ ತಂಡದವರೇ ಇಬ್ಬರು ಬಂದು ಹೆಸರು ಬರೆಸಿದರು. ಆಮೇಲೆ ಟೈಲ್ಸ್ ಕಾರ್ಖಾನೆ ತಂಡದವರು, ಆಮೇಲೆ ಅಂಚೆ ಕಚೇರಿ ತಂಡದವರು. ಸ್ಕೂಲು ಎಂದೂ ಅಷ್ಟು ತುಂಬಿರಲಿಲ್ಲ. ಮೂರು ಕುರ್ಚಿ ಸಾಲದೆ ಪಕ್ಕದ ಕ್ಷೌರದಂಗಡಿಯ ಬೆಂಚು ಎರವಲು ತಂದರು. "ನೋಡೇ, ಈಗಿನವರಿಗೆ ರಸ್ತೆ ಮೇಲೆ ಎಷ್ಟು ಆಸಕ್ತಿ!" ಎಂದು ಮಾಸ್ಟರು ಹಿಗ್ಗುತ್ತಿದ್ದರು. ಭಾನುವಾರ ಬಂದರೆ ಮಾತ್ರ ತಂಡ ಸೋಲುತ್ತಿತ್ತು. ಇವರ ಆಟಗಾರ ಬಲಗೈ ಚಾಚುವುದೇ ತಡ, ಎದುರಾಳಿಗಳು ಮೂವರು ಬಲಗಡೆ ಹೋಗಿ ಕಾದು ನಿಂತಿರುತ್ತಿದ್ದರು.

ಗುಟ್ಟು ಕಂಡುಹಿಡಿದದ್ದು ಹೆಂಡತಿ. ಒಂದು ಮಧ್ಯಾಹ್ನ ಹಾಜರಿ ಪುಸ್ತಕವನ್ನು ಅವರ ಮುಂದೆ ತೆರೆದಿಟ್ಟರು.

"ರೀ, ಇಲ್ಲಿ ನೋಡಿ. ಇಪ್ಪತ್ತಮೂರು ಜನ. ಎಲ್ಲರೂ ಏಳನೇ ದಿನದವರೆಗೆ ಬಂದಿದ್ದಾರೆ. ಎಂಟನೇ ದಿನ ಒಬ್ಬರೂ ಇಲ್ಲ."

"ಏನೋ ಕೆಲಸ ಇರಬೇಕು ಪಾಪ."

"ಇಪ್ಪತ್ತಮೂರು ಜನಕ್ಕೂ ಎಂಟನೇ ದಿನವೇ ಕೆಲಸ ಬರುತ್ತಾ? ಇವರು ಗಾಡಿ ಕಲಿಯೋಕೆ ಬಂದೋರಲ್ಲರೀ. ನಿಮ್ಮ ತಂಡದ ಕೈ ಓದೋಕೆ ಬಂದೋರು!"

ಮಾಸ್ಟರು ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ನೋಡಿದರು. ಕೊನೆಯ ಹೆಸರು ಮುಟ್ಟಿ, "ಕೈ ಸನ್ನೆ ಅಂತೂ ಕಲಿತರಲ್ಲ. ರಸ್ತೆಗೆ ಒಳ್ಳೇದೇ," ಎಂದರು. ಹೆಂಡತಿ ಪುಸ್ತಕ ಮುಚ್ಚಿದ ಸದ್ದಿಗೆ ಅವರ ಬಲಗಾಲು ನೆಲ ಒತ್ತಿತು.

ಇನ್ನೂ ನಾಲ್ಕು ಪಂದ್ಯ ಉಳಿದಿದ್ದವು. ಗೆದ್ದರೆ ಮಾನ ಉಳಿಯುತ್ತಿತ್ತು, ಮಾಸ್ಟರ ಜಾಗವೂ ಉಳಿಯುತ್ತಿತ್ತು. ಮೈದಾನದಲ್ಲಿ ಎಲ್ಲರೂ ಸುತ್ತ ಕೂತಾಗ ಶಾಲಾ ಬಸ್ಸಿನವನು ಉಪಾಯ ತೆಗೆದ. "ಮಾಸ್ಟ್ರೇ, ಅವರಿಗೆ ನಮ್ಮ ಸನ್ನೆ ಗೊತ್ತು ತಾನೆ? ಬಲಗೈ ತೋರಿಸಿ ಎಡಕ್ಕೆ ಹೋಗಿಬಿಡೋಣ. ನಮಗೆ ನಮಗೆ ಗೊತ್ತಿದ್ದರಾಯ್ತು."

ಎಲ್ಲರ ಮುಖ ಅರಳಿತು. ಕಾರ್ಯದರ್ಶಿಯಂತೂ ಎದ್ದು ನಿಂತು ಚಪ್ಪಾಳೆ ಹೊಡೆದ. ಮಾಸ್ಟರು ಮಾತ್ರ ನಗಲಿಲ್ಲ.

"ನಿನ್ನ ಬಸ್ಸಲ್ಲಿ ಎಷ್ಟು ಮಕ್ಕಳು ಕೂರ್ತಾರೆ?" ಎಂದು ಕೇಳಿದರು.

"ನಲವತ್ತೆರಡು, ಮಾಸ್ಟ್ರೇ."

"ಭಾನುವಾರ ಸುಳ್ಳು ಕೈ ತೋರಿಸಿದೋನ ಕೈಗೆ ಸೋಮವಾರ ಏನು ತೋರಿಸಬೇಕು ಅಂತ ನೆನಪಿರುತ್ತಾ? ಕೈಗೆ ವಾರ ಗೊತ್ತಾಗಲ್ಲ ಕಣೋ."

ಬಸ್ಸಿನವನು ತಲೆ ಕೆರೆದುಕೊಂಡ. "ಹಾಗಾದ್ರೆ ಸನ್ನೆಯೇ ಬಿಟ್ಟುಬಿಡೋಣ," ಎಂದ ಆಂಬುಲೆನ್ಸಿನವನು.

"ಬಿಡಿ. ಹಲ್ಲು ಎಷ್ಟು ಉಳಿದಿವೆ ಎಣಿಸ್ಕೊಂಡು ಬಿಡಿ."

ಬ್ರೆಡ್ ವ್ಯಾನಿನವನು ಕೈಯಿಂದ ಬಾಯಿ ಮುಚ್ಚಿಕೊಂಡ. ಎಲ್ಲರೂ ನಕ್ಕರು, ಮಾತು ಅಲ್ಲಿಗೆ ಮುಗಿಯಿತು. ಉಳಿದ ನಾಲ್ಕೂ ಪಂದ್ಯವನ್ನು ಅವರು ಬಲಗೈ ತೋರಿಸಿ ಬಲಕ್ಕೇ ಹೋಗಿ ಸೋತರು. ಹದಿನಾಲ್ಕು ಪಂದ್ಯದಲ್ಲಿ ಹನ್ನೊಂದು ಸೋಲು, ಮೂರು ಸಮ. ಎಂಟನೇ ಸ್ಥಾನ.

ಕಮಿಟಿ ಸೇರಿತು. ಮ್ಯಾನೇಜರ್ ಬದಲಾಗಬೇಕು ಎನ್ನುವುದರಲ್ಲಿ ಎರಡು ಮಾತಿರಲಿಲ್ಲ. ಹೇಳುವವರು ಯಾರು ಎನ್ನುವುದರಲ್ಲಿ ಮಾತ್ರ ಎಲ್ಲರೂ ಬೇರೆಯವರ ಮುಖ ನೋಡಿದರು. ಕೊನೆಗೆ ಅಧ್ಯಕ್ಷರು ಕನ್ನಡಕದಂಗಡಿಯವನ ಬೆನ್ನು ತಟ್ಟಿ, "ನಿಮ್ಮ ಭಾವನೇ ಅಲ್ವಾ? ಮನೆ ಮಾತು. ನೀವೇ ಹೇಳಿಬಿಡಿ," ಎಂದು ಕೈ ತೊಳೆದುಕೊಂಡರು.

ಈ ಭಾವಮೈದ ಆರು ವರ್ಷದಿಂದ ಭಾವನ ಹತ್ತಿರ ಕಾರು ಕಲಿಯುತ್ತಿದ್ದ. ಲೈಸೆನ್ಸ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾಗಿದ್ದ. ಎರಡು ಗಾಡಿಗಳ ನಡುವೆ ಕಾರು ನಿಲ್ಲಿಸುವುದು ಅವನಿಗೆ ಬರುತ್ತಲೇ ಇರಲಿಲ್ಲ. ಆದರೂ ಪ್ರತಿ ಗುರುವಾರ ಬೆಳಿಗ್ಗೆ ಪಾಠ ತಪ್ಪುತ್ತಿರಲಿಲ್ಲ. ಆ ಗುರುವಾರ ಅವನು ಅಂಗಡಿಯಲ್ಲಿ ಅಕ್ಷರದ ಹಲಗೆಯ ಮುಂದೆ ನಿಂತು, ಹೇಳಬೇಕಾದ್ದನ್ನು ನಾಲ್ಕು ಸಲ ಹೇಳಿ ನೋಡಿ ಬಂದಿದ್ದ.

ಮಾಸ್ಟರು ಕಣ್ಣು ಮುಚ್ಚಿ ತೆರೆದರು. ಕಾರು ಹೊರಟಿತು.

"ಭಾವ, ಒಂದು ವಿಷಯ ಹೇಳಬೇಕಿತ್ತು."

"ಕನ್ನಡಿ ನೋಡು."

"ನೋಡಿದೆ. ಭಾವ, ಮೊನ್ನೆ ಕಮಿಟಿ—"

ಕಾರು ಗಕ್ಕನೆ ನಿಂತಿತು. "ಮುಂದೆ ಸೈಕಲ್ಲು," ಎಂದರು ಮಾಸ್ಟರು. "ಹ್ಞಾಂ, ಹೋಗು."

ಆಸ್ಪತ್ರೆಯ ಮುಂದೆ ಮತ್ತೊಂದು ಸಲ ಶುರು ಮಾಡಿದ. ಬ್ರೇಕು. ಔಷಧಿ ಅಂಗಡಿಯ ತಿರುವಿನಲ್ಲಿ ಇನ್ನೊಂದು ಸಲ. ಬ್ರೇಕು. ಕೊನೆಗೆ ಗ್ರಂಥಾಲಯದ ಎದುರು ಎರಡು ಗಾಡಿಗಳ ನಡುವೆ ಜಾಗ ಕಂಡದ್ದೇ ತಡ, ಸ್ಟೀರಿಂಗ್ ತಿರುಗಿಸಿ ಒಳಗೆ ನುಗ್ಗಿಸಿ ನಿಲ್ಲಿಸಿದ. ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿನಲ್ಲಿ ಹೇಳಿದ:

"ಭಾವ ಮುಂದಿನ ವರ್ಷ ಮ್ಯಾನೇಜರ್ ನೀವಲ್ಲ ಕಮಿಟಿ ತೀರ್ಮಾನ ಮಾಡಿದೆ ನಾನೂ ಕೈ ಎತ್ತಿದ್ದೀನಿ ನನ್ನನ್ನ ಕ್ಷಮಿಸಿ."

ಮಾಸ್ಟರ ಬಲಗಾಲು ಅಲುಗಲಿಲ್ಲ. ಗ್ರಂಥಾಲಯದ ಬಾಗಿಲಿನಿಂದ ಒಬ್ಬರು ಪುಸ್ತಕ ಹಿಡಿದು ಬಂದರು, ಇನ್ನೊಬ್ಬರು ಒಳಗೆ ಹೋದರು.

"ಹ್ಯಾಂಡ್ ಬ್ರೇಕ್ ಹಾಕು," ಎಂದರು ಮಾಸ್ಟರು. ಆಮೇಲೆ, "ಯಾರು ಬರ್ತಾರೆ ನನ್ನ ಜಾಗಕ್ಕೆ?"

"ಬೇಕರಿಯವರು."

"ಒಳ್ಳೇ ಮನುಷ್ಯ. ಚುರುಕು. ಗೇರ್ ಮಾತ್ರ ಬಲವಾಗಿ ಎಳೀತಾನೆ." ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ಮುಂದೆ ನೋಡಿದರು. ಮುಂದಿನ ಗಾಡಿಗೂ ಹಿಂದಿನ ಗಾಡಿಗೂ ಸರಿಯಾಗಿ ಒಂದೊಂದು ಮೊಳ ಜಾಗ. "ಏನೋ, ಇದೇನೋ ಇದು? ಆರು ವರ್ಷದಲ್ಲಿ ಮೊದಲನೇ ಸಲ ಸರಿಯಾಗಿ ನಿಲ್ಲಿಸಿದ್ದೀಯಲ್ಲೋ!"

ಭಾವಮೈದ ಸ್ಟೀರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟ. ಕೆಲಸ ಕಳೆದುಕೊಂಡವರೇ ಕೆಲಸದಿಂದ ತೆಗೆದವನಿಗೆ ಕರವಸ್ತ್ರ ಕೊಡಬೇಕಾಯಿತು. "ಅಳಬೇಡ, ಕಣ್ಣು ಮಂಜಾದರೆ ಗಾಡಿ ಓಡಿಸೋದು ಹೇಗೆ? ನಿನ್ನದು ಕನ್ನಡಕದ ಅಂಗಡಿ ಬೇರೆ," ಎಂದು ಬೆನ್ನು ಸವರಿದರು.

ಹೊರಗೆ ಹಾಗೆ ನಗಿಸಿದರೂ ಮನೆಯಲ್ಲಿ ಅವರ ಮಾತು ಕಡಿಮೆಯಾಯಿತು. ಕ್ಲಬ್ಬಿನವರು ಸಣ್ಣ ಬೀಳ್ಕೊಡುಗೆ ಮಾಡಿದರು. ಅಧ್ಯಕ್ಷರು ಉದ್ದಕ್ಕೆ ಮಾತಾಡಿದರು, ಬ್ರೆಡ್ ವ್ಯಾನಿನವನು ಮಧ್ಯದಲ್ಲೇ ಬಿಕ್ಕಿದ. ಅದಾದ ಮೇಲೆ ಮೂರು ತಿಂಗಳು ಮಾಸ್ಟರು ಮೈದಾನದ ಬೀದಿಗೇ ಕಾಲಿಡಲಿಲ್ಲ. ಪಾಠದ ಕಾರನ್ನೂ ಬೇರೆ ದಾರಿಯಲ್ಲಿ ಒಯ್ಯುತ್ತಿದ್ದರು. ಭಾನುವಾರ ಸಂಜೆಯಾದರೆ ರಸ್ತೆ ಚಿಹ್ನೆಯ ಹಲಗೆ ಒರೆಸುತ್ತಿದ್ದರು. ಒರೆಸಿ ಒರೆಸಿ 'ಮುಂದೆ ಶಾಲೆ ಇದೆ' ಎಂಬ ಚಿಹ್ನೆಯ ಮಕ್ಕಳಲ್ಲಿ ಒಂದರ ತಲೆ ಅಳಿಸಿಹೋಯಿತು.

ಹೊಸ ವರ್ಷದ ಮೊದಲ ಪಂದ್ಯದ ದಿನ ಹೆಂಡತಿ ಆ ಬಟ್ಟೆಯನ್ನು ಅವರ ಕೈಯಿಂದ ಕಿತ್ತುಕೊಂಡರು.

"ಏಳಿ, ಮೈದಾನಕ್ಕೆ ಹೋಗೋಣ."

"ನಾನು ಬರಲ್ಲ."

"ಸೋತದ್ದಕ್ಕೆ ಇಷ್ಟು ನಾಚಿಕೆಯಾ?"

"ಸೋತದ್ದಕ್ಕಲ್ಲ ಕಣೇ. ಅಲ್ಲಿಗೆ ಈಗ ನಾನು ಯಾರಾಗಿ ಹೋಗಲಿ? ಆ ಹುಡುಗರು ನನ್ನ ನೋಡಿ ಹಾರ್ನ್ ಹೊಡೆದು ಹೋಗೋ ಹಾಗೆ ಒಂದು ನಮಸ್ಕಾರ ಹೊಡೆದು ಹೋಗಿಬಿಟ್ಟರೆ? ಅದನ್ನ ನೋಡೋಕೆ ನನ್ನಿಂದ ಆಗಲ್ಲ."

ಹೆಂಡತಿ ಅವರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಮಾಸ್ಟರು ಇಷ್ಟು ಬಿಚ್ಚಿ ಹೇಳಿದ್ದು ಅಪರೂಪ.

"ನನ್ನ ಗಂಡನಾಗಿ ಬನ್ನಿ," ಎಂದರು ಆಕೆ. "ಮೂರು ವರ್ಷ ಭಾನುವಾರ ಭಾನುವಾರ ನನ್ನನ್ನ ಮನೇಲಿ ಬಿಟ್ಟು ಹೋದಿರಲ್ಲ. ಅಲ್ಲಿ ಏನಿತ್ತು ಅಂತ ನಾನೂ ನೋಡಬೇಕು. ಅವರು ಮಾತಾಡಿಸದೇ ಹೋದರೆ ವಾಪಸ್ ಬಂದು ಹಲಗೆ ಒರೆಸಿ. ನಾನೂ ಒರೆಸ್ತೀನಿ."

ಮೈದಾನದ ಬದಿಯ ಸಿಮೆಂಟ್ ಮೆಟ್ಟಿಲ ಮೇಲೆ, ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಇಬ್ಬರೂ ಕೂತರು. ಎದುರಾಳಿ ಅದೇ ಐಸ್ ಫ್ಯಾಕ್ಟರಿ ತಂಡ, ಗೋಲಿನಲ್ಲಿ ಅದೇ ಎತ್ತರದ ಆಳು. ಗೆರೆಯ ಆಚೆ ಬೇಕರಿಯವರು ನಿಂತಿದ್ದರು. ಅವರು ಬಂದ ಮೊದಲ ದಿನವೇ ಕೈ ಸನ್ನೆಯನ್ನು ರದ್ದು ಮಾಡಿದ್ದರು. ಆಟ ಶುರುವಾಗಿ ಐದು ನಿಮಿಷ ಎಲ್ಲರ ಕೈ ಸುಮ್ಮನಿತ್ತು. ಆರನೇ ನಿಮಿಷ ಚೆಂಡು ಸಿಕ್ಕಿದ ಶಾಲಾ ಬಸ್ಸಿನವನ ಎಡಗೈ ತಾನಾಗಿ ಮೇಲೆದ್ದಿತು.

"ಕೈ ಇಳಿಸೋ!" ಎಂದು ಬೇಕರಿಯವರು ಕಿರುಚಿದರು.

ಇಳಿಸಿದ. ಮತ್ತೆ ಎದ್ದಿತು. ಆಂಬುಲೆನ್ಸಿನವನ ಕೈ ಎದ್ದಿತು, ಬ್ರೆಡ್ ವ್ಯಾನಿನವನ ಕೈ ಎದ್ದಿತು. ಬೇಕರಿಯವರು ಟೋಪಿ ತೆಗೆದು ನೆಲಕ್ಕೆ ಬಡಿದರು. ಮಾಸ್ಟರು ಹೆಂಡತಿಯ ಹಿಂದೆ ಮುಖ ಮರೆಮಾಡಿಕೊಂಡರು. "ಹೋಯ್ತು. ಇವತ್ತೂ ನನ್ನಿಂದಲೇ ಸೋಲ್ತಾರೆ."

ಆದರೆ ಆಶ್ಚರ್ಯ! ಬಸ್ಸಿನವನು ಎಡಗೈ ಚಾಚಿದ, ಐಸ್ ಫ್ಯಾಕ್ಟರಿಯವರು ಮೂವರು ಬಲಕ್ಕೆ ಓಡಿದರು. ಬಸ್ಸಿನವನು ಎಡಕ್ಕೇ ಹೋದ. ಅಲ್ಲಿ ಒಬ್ಬರೂ ಇರಲಿಲ್ಲ. ಖಾಲಿ ರಸ್ತೆಯಲ್ಲಿ ಹೋದ ಹಾಗೆ ಹೋಗಿ ಗೋಲು ಹೊಡೆದ. ಗೋಲ್‌ಕೀಪರ್ ಇನ್ನೊಂದು ಮೂಲೆಗೆ ಹಾರಿ ಬಿದ್ದಿದ್ದ. ಸ್ವಲ್ಪ ಹೊತ್ತಿಗೆ ಆಂಬುಲೆನ್ಸಿನವನು ಬಲಗೈ ಚಾಚಿದ. ಮತ್ತೆ ಅದೇ ಕಥೆ. ಪಂದ್ಯ ಮುಗಿದಾಗ ಮೂರು ಗೋಲಿಗೆ ಒಂದು. ಗೆದ್ದದ್ದೇಕೆ ಎಂದು ಬೇಕರಿಯವರಿಗೇ ಗೊತ್ತಾಗಲಿಲ್ಲ. ಬಗ್ಗಿ ಟೋಪಿ ಹುಡುಕುತ್ತಿದ್ದರು.

ಐಸ್ ಫ್ಯಾಕ್ಟರಿಯ ಗೋಲ್‌ಕೀಪರ್ ಮೆಟ್ಟಿಲು ಹತ್ತಿ ನೇರ ಮಾಸ್ಟರ ಮುಂದೆ ಬಂದು ನಿಂತ. ಮೊಣಕಾಲೆಲ್ಲ ಮಣ್ಣು.

"ಮಾಸ್ಟ್ರೇ, ಇದು ಮೋಸ!"

"ಏನಪ್ಪ ಮೋಸ?"

"ನಿಮ್ಮನ್ನ ತೆಗೆದು ಬೇಕರಿಯವರನ್ನ ತಂದ್ರು. ಅವರು ಎಂಥ ಕಿಲಾಡಿ ಅಂತ ಊರಿಗೇ ಗೊತ್ತು. ಇನ್ನೇನು, ಸನ್ನೆ ಉಲ್ಟಾ ಮಾಡಿರ್ತಾರೆ ಅಂತ ವಾರವೆಲ್ಲಾ ನಾವು ಉಲ್ಟಾ ಓಡೋದು ಅಭ್ಯಾಸ ಮಾಡಿದ್ವಿ. ನೋಡಿದ್ರೆ ಬಲಗೈ ತೋರಿಸಿ ಬಲಕ್ಕೇ ಹೋಗ್ತಾರಲ್ಲ!"

ಮಾಸ್ಟರಿಗೆ ಮೊದಲು ನಗು ಬರಲಿಲ್ಲ. ಹೆಂಡತಿಗೆ ಬಂತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಾಗ ಅವರೂ ನಕ್ಕರು, ಕೊನೆಗೆ ಗೋಲ್‌ಕೀಪರನೂ ಮೆಟ್ಟಿಲ ಮೇಲೆ ಕೂತು ನಕ್ಕ. "ಎಂಟನೇ ದಿನದ ಪಾಠಕ್ಕೆ ಬಾ," ಎಂದು ಮಾಸ್ಟರು ಅವನಿಗೆ ಹೇಳಿದರು. "ಬಾಕಿ ಇಪ್ಪತ್ತೆರಡು ಜನಕ್ಕೂ ಹೇಳು."

ಅಷ್ಟರಲ್ಲಿ ತಂಡದವರು ಅವರನ್ನು ಕಂಡರು. ಒಬ್ಬರೂ ನಮಸ್ಕಾರ ಹೊಡೆದು ಹೋಗಲಿಲ್ಲ. ಹನ್ನೊಂದು ಜನವೂ ಮೆಟ್ಟಿಲ ಮೇಲೆ ಓಡಿ ಬಂದು, ಬೆವರು ಮೈಯಲ್ಲೇ ಸುತ್ತ ಕೂತು, ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡತೊಡಗಿದರು. "ಎಲ್ಲಿ ಹೋಗಿದ್ರಿ ಮಾಸ್ಟ್ರೇ?" "ನಿಮ್ಮ ಮನೆ ಮುಂದೆ ಎರಡು ಸಲ ವ್ಯಾನ್ ನಿಲ್ಲಿಸಿದ್ದೆ, ಒಳಗೆ ಬರೋಕೆ ಧೈರ್ಯ ಬರಲಿಲ್ಲ." "ಕೈ ನಿಲ್ಲಲ್ಲ ಮಾಸ್ಟ್ರೇ, ಏನು ಮಾಡೋದು?"

ಭಾವಮೈದ ಎಲ್ಲರ ಹಿಂದೆ ನಿಂತಿದ್ದ. ಮೆಲ್ಲಗೆ ಹತ್ತಿರ ಬಂದು, "ಭಾವ, ಕಮಿಟಿಗೆ ಮತ್ತೆ ಹೇಳಿ ನೋಡ್ಲಾ? ನೀವೇ ವಾಪಸ್ ಬಂದುಬಿಡಿ," ಎಂದ.

ಮಾಸ್ಟರು ಕೆಳಗೆ ಟೋಪಿಯ ಮಣ್ಣು ಕೊಡವುತ್ತಿದ್ದ ಬೇಕರಿಯವರನ್ನು ನೋಡಿದರು. "ಬೇಡ ಕಣೋ. ಅವರ ಕೆಲಸ ಅವರು ಮಾಡಲಿ. ಮೂರು ವರ್ಷ ಅಲ್ಲಿ ನಿಂತಿದ್ದೆ. ಯಾರು ಯಾರಿಗೆ ಡಿಕ್ಕಿ ಹೊಡೀತಾರೋ ಅಂತ ನೋಡೋದರಲ್ಲಿ ಒಂದು ಗೋಲನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಇವತ್ತು ಮೂರೂ ನೋಡಿದೆ. ದೇವರು ದೊಡ್ಡವನು, ಇಲ್ಲಿಂದ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ?"

"ಎರಡನೇದು ಆಫ್‌ಸೈಡು," ಎಂದರು ಹೆಂಡತಿ.

ಎಲ್ಲರೂ ತಿರುಗಿ ಆಕೆಯನ್ನು ನೋಡಿದರು.

"ಯಾರು ಹೇಳಿದ್ದು ನಿನಗೆ?" ಎಂದರು ಮಾಸ್ಟರು.

"ನೀವೇ. ಮೂರು ವರ್ಷ ಊಟದ ಹೊತ್ತಲ್ಲಿ ಚಮಚ, ಲೋಟ ಇಟ್ಟು ಹೇಳ್ತಾ ಇದ್ರಲ್ಲ. ಚೆಂಡು ಕೊಡುವಾಗ ಆಂಬುಲೆನ್ಸಿನವರು ಎದುರಾಳಿಗಳೆಲ್ಲರಿಗಿಂತ ಇಷ್ಟು ಮುಂದೆ ಇದ್ರು."

"ಇರಲಿಲ್ಲ."

"ಇದ್ರು."

ಮೈದಾನ ಖಾಲಿಯಾದ ಮೇಲೂ ಇಬ್ಬರೂ ಆ ಮೆಟ್ಟಿಲ ಮೇಲೆ ಕೂತು ಬೆರಳಿನಲ್ಲಿ ಗೆರೆ ಎಳೆದು ವಾದ ಮಾಡುತ್ತಿದ್ದರು. ಈಗ ಪ್ರತಿ ಭಾನುವಾರ ಇಬ್ಬರೂ ಹೋಗುತ್ತಾರೆ, ಅದೇ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಆ ಗೋಲಿನ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಹೋದ ವಾರ ನನ್ನನ್ನೂ ನಡುವೆ ಕೂರಿಸಿ ಕೇಳಿದರು. ನನಗೆ ಆಫ್‌ಸೈಡ್ ಎಂದರೇನೆಂದೇ ಗೊತ್ತಿಲ್ಲ. ಆದರೂ ಹೆಂಡತಿ ಹೇಳಿದ್ದೇ ಸರಿ ಎಂದುಬಿಟ್ಟೆ.